ಮಾಳಿಗೆಯ ಮೇಲೆ ಸೋಲಾರ್: ಮೊದಲು ಬಿಲ್ ತೋರಿಸಿ, ಆಮೇಲೆ ಮಾತು

ನಿರ್ವಾಹಕ, ಬಳ್ಳಾರಿ: ಹದಿನೈದು ದಿನದಿಂದ ಗುಂಪಿನಲ್ಲಿ ಒಂದೇ ಚರ್ಚೆ. ಮನೆಯ ಮೇಲೆ ಸೋಲಾರ್ ಹಾಕಿಸಿದರೆ ಗಿಟ್ಟುತ್ತದೆಯೇ, ಸಬ್ಸಿಡಿ ನಿಜವಾಗಿಯೂ ಕೈಗೆ ಬರುತ್ತದೆಯೇ? ಅದಕ್ಕೇ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರೊಬ್ಬರನ್ನು ಇಂದು ಇಲ್ಲಿಗೆ ಕರೆದಿದ್ದೇವೆ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಗುತ್ತಿಗೆದಾರ: ಎಲ್ಲರಿಗೂ ನಮಸ್ಕಾರ. ಕೇಳುವ ಮೊದಲು ಮೂರು ತಿಂಗಳ ಜೆಸ್ಕಾಂ ಬಿಲ್ ಎದುರಿಗೆ ಇಟ್ಟುಕೊಳ್ಳಿ. ಎಷ್ಟು ಯೂನಿಟ್ ಸುಡುತ್ತೀರಿ ಎಂದು ತಿಳಿಯದೆ ನಾನು ಉತ್ತರ ಕೊಟ್ಟರೆ ಅದು ಗಿಣಿಶಾಸ್ತ್ರ.

ಸಿರುಗುಪ್ಪದಿಂದ: ಸರ್, ನಮ್ಮ ಮನೆಯಲ್ಲಿ ಒಂದು ಎ.ಸಿ., ಎರಡು ಫ್ರಿಜ್. ತಿಂಗಳಿಗೆ 350ರಿಂದ 380 ಯೂನಿಟ್ ಆಗುತ್ತದೆ. ಮೂರು ಕಿಲೋವ್ಯಾಟ್ ಹಾಕಿಸಬಹುದೇ?

ಗುತ್ತಿಗೆದಾರ: ಹಾಕಿಸಿ. ನಿಮ್ಮಂಥವರಿಗೇ ಇರುವ ಯೋಜನೆ ಇದು. ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಮೂರಕ್ಕೆ ತಿಂಗಳಿಗೆ ಸುಮಾರು 360. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ಎರಡು ಸಾವಿರದ ಮೇಲೆ ಉಳಿಯಿತು. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ಒಳ್ಳೆಯ ಸಾಮಾನು ಹಾಕಿದರೆ ಎರಡು ಲಕ್ಷದ ಹತ್ತಿರ ಬರುತ್ತದೆ. ಸಬ್ಸಿಡಿ ಕಳೆದು ನಿಮ್ಮ ಕೈಯಿಂದ ಹೋಗುವುದು ಒಂದು ಲಕ್ಷ ಇಪ್ಪತ್ತು ಸಾವಿರ. ಐದಾರು ವರ್ಷದಲ್ಲಿ ಅಸಲು ಹುಟ್ಟುತ್ತದೆ. ಮಾಸಿಕ ನಿಗದಿತ ಶುಲ್ಕ ಮಾತ್ರ ಸೋಲಾರ್ ಇದ್ದರೂ ಕಟ್ಟಲೇಬೇಕು. "ಬಿಲ್ ಸೊನ್ನೆ" ಎಂದು ಹೇಳಿ ಮಾರುವವರನ್ನು ನಂಬಬೇಡಿ.

ಕೊಪ್ಪಳದ ಕಿರಾಣಿ ಅಂಗಡಿ: ಮನೆಗೆ 140 ಯೂನಿಟ್. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದೆ. ಆದರೂ ಒಬ್ಬರು ದಿನವೂ ಫೋನ್ ಮಾಡಿ ಹಾಕಿಸಿ ಎನ್ನುತ್ತಿದ್ದಾರೆ.

ಗುತ್ತಿಗೆದಾರ: ನಿಮಗೆ ಬೇಡ. ಸೊನ್ನೆಯಲ್ಲಿ ಉಳಿಸುವುದೇನು?

ರಾಯಚೂರಿನ ನಿವೃತ್ತರು: ಬಿಟ್ಟಿ ಕರೆಂಟ್ ಎಷ್ಟು ದಿನ ನಡೆದೀತು ಎಂದು ಯೋಚಿಸಬೇಕಲ್ಲವೇ? ನಾಳೆ ನಿಂತರೆ ಇವರೇ ಮೊದಲು ಬೊಬ್ಬೆ ಹಾಕುತ್ತಾರೆ.

ಕೊಪ್ಪಳದ ಕಿರಾಣಿ ಅಂಗಡಿ: ಬಿಟ್ಟಿ ಎನ್ನಬೇಡಿ ಸಾಹೇಬರೇ. ಉಪ್ಪಿನಿಂದ ಹಿಡಿದು ಸೋಪಿನವರೆಗೆ ತೆರಿಗೆ ಕಟ್ಟುತ್ತಿದ್ದೇವೆ. 78,000 ಸಬ್ಸಿಡಿ ತೆಗೆದುಕೊಂಡರೆ ಅದು ಬಿಟ್ಟಿ ಅಲ್ಲವೋ?

ಮಾನ್ವಿಯ ಯುವಕ: ಸರ್, ಸೋಲಾರ್ ಹಾಕಿಸಿದ ಮೇಲೆ ಗೃಹಜ್ಯೋತಿ ಮುಂದುವರಿಯುತ್ತದೆಯೇ?

ಸಂಡೂರಿನಿಂದ: ನಮ್ಮದು ಎರಡರ ನಡುವೆ ಸಿಕ್ಕಿಬಿದ್ದ ಕಥೆ. ಗೃಹಜ್ಯೋತಿಯಲ್ಲಿ ನಮಗೆ 170 ಯೂನಿಟ್‌ವರೆಗೆ ಅರ್ಹತೆ. ಆದರೆ ಮಾರ್ಚ್‌ನಿಂದ ಜೂನ್‌ವರೆಗೆ 215, 220 ಆಗಿಬಿಡುತ್ತದೆ. ಆಗ ಪೂರ್ತಿ ಬಿಲ್ ಬರುತ್ತದೆ. ಒಂದು ಕಿಲೋವ್ಯಾಟ್ ಹಾಕಿಸಲೇ?

ಗುತ್ತಿಗೆದಾರ: ಇದು ಸರಿಯಾದ ಪ್ರಶ್ನೆ. ಗೃಹಜ್ಯೋತಿಯ ಮಿತಿಯಾದ ಇನ್ನೂರು ಯೂನಿಟ್ ದಾಟಿದ ತಿಂಗಳು, ದಾಟಿದ ಇಪ್ಪತ್ತು ಯೂನಿಟ್‌ಗೆ ಮಾತ್ರವಲ್ಲ, ಅಷ್ಟಕ್ಕೂ ದುಡ್ಡು ಬೀಳುತ್ತದೆ. ಹೀಗಾಗಿ ನಿಮಗೆ ಬೇಕಿರುವುದು ಹೆಚ್ಚು ಕರೆಂಟ್ ಅಲ್ಲ, ಐವತ್ತು ಯೂನಿಟ್ ಕಡಿಮೆ ಸುಡುವ ದಾರಿ. ಮನೆಯಲ್ಲಿ ಹಳೆಯ ಫ್ಯಾನ್ ಎಷ್ಟಿವೆ?

ಸಂಡೂರಿನಿಂದ: ಮೂರು. ಬೇಸಿಗೆಯಲ್ಲಿ ಹಗಲು ರಾತ್ರಿ ತಿರುಗುತ್ತವೆ. ಒಂದು ನನ್ನ ಮದುವೆಯ ಕಾಲದ್ದು.

ಗುತ್ತಿಗೆದಾರ: ಹಳೆಯ ಫ್ಯಾನ್ 75 ವ್ಯಾಟ್ ತಿನ್ನುತ್ತದೆ. ಬಿಎಲ್‌ಡಿಸಿ ಫ್ಯಾನ್‌ಗೆ 30 ಸಾಕು. ದಿನಕ್ಕೆ ಹದಿನಾರು ಗಂಟೆ ತಿರುಗಿದರೆ ಒಂದು ಫ್ಯಾನ್‌ನಿಂದ ತಿಂಗಳಿಗೆ 21 ಯೂನಿಟ್ ಮಿಗುತ್ತದೆ. ಮೂರಕ್ಕೆ ಅರವತ್ತರ ಮೇಲೆ. 220ರಲ್ಲಿ ಅರವತ್ತು ಕಳೆದರೆ ನಿಮ್ಮ 170ರ ಒಳಗೇ ಬಂದಿರಿ. ಖರ್ಚು ಹತ್ತು ಸಾವಿರದ ಒಳಗೆ. ನಾನು ಸೋಲಾರ್ ಮಾರಿ ಬದುಕುವವನು, ಆದರೂ ಹೇಳುತ್ತಿದ್ದೇನೆ: ಫ್ಯಾನ್ ಕೊಳ್ಳಿ. ಮದುವೆಯ ಫ್ಯಾನ್ ಬೇಕಾದರೆ ನೆನಪಿಗೆ ಅಟ್ಟದ ಮೇಲೆ ಇಟ್ಟುಕೊಳ್ಳಿ.

ಲಿಂಗಸುಗೂರಿನಿಂದ: ಸೋಲಾರ್ ಇದ್ದರೆ ಕರೆಂಟ್ ಹೋದಾಗಲೂ ದೀಪ ಉರಿಯುತ್ತದೆ ಅಲ್ಲವೇ ಸರ್?

ಗುತ್ತಿಗೆದಾರ: ಇಲ್ಲ. ಬ್ಯಾಟರಿ ಇಲ್ಲದ, ಲೈನ್‌ಗೇ ಜೋಡಿಸಿದ ಆನ್‌ಗ್ರಿಡ್ ವ್ಯವಸ್ಥೆ ಲೈನ್ ಹೋದೊಡನೆ ತಾನಾಗಿ ನಿಲ್ಲುತ್ತದೆ, ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯ ಕರೆಂಟ್ ಹೊಡೆಯುತ್ತದೆ. ಕತ್ತಲಲ್ಲೂ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ. ಅದರ ಖರ್ಚು ಬೇರೆ.

ಸಿಂಧನೂರಿನಿಂದ: "ಸೋಲಾರ್ ಫಲಕದ ಮೇಲೆ ತಿಂಗಳಿಗೊಮ್ಮೆ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿದರೆ ಧೂಳು ಕೂರುವುದಿಲ್ಲ, ಉತ್ಪಾದನೆ ಇಮ್ಮಡಿ. ಎಲ್ಲರಿಗೂ ಕಳುಹಿಸಿ." ಬಂದದ್ದನ್ನು ಹಂಚಿದ್ದೇನೆ. ನಿಜವೇ ಸರ್?

ಗುತ್ತಿಗೆದಾರ: ಎಣ್ಣೆ ಸವರಿದ ತಲೆಗೆ ಧೂಳು ಕೂರುವುದಿಲ್ಲವೇ? ನಿಮ್ಮ ಊರಿನ ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿ ಎಣ್ಣೆಗೆ ಅಂಟಿ ದೋಸೆಯ ಹೆಂಚಿನಂತಾಗುತ್ತದೆ. ವಾರಕ್ಕೋ ಎರಡು ವಾರಕ್ಕೋ ಬೆಳಿಗ್ಗೆ ಬಿಸಿಲೇರುವ ಮೊದಲು ಬರಿಯ ನೀರು, ಮೆತ್ತನೆಯ ಬಟ್ಟೆ. ಅಷ್ಟೇ. ಸೋಪಿನ ಪುಡಿ ಬೇಡ, ವಿನೆಗರ್ ಬೇಡ. ಬೋರ್‌ವೆಲ್ ನೀರು ಗಡಸಾಗಿದ್ದರೆ ಹಾಗೆಯೇ ಒಣಗಲು ಬಿಡಬೇಡಿ, ಬಿಳಿಯ ಪದರ ಕಟ್ಟುತ್ತದೆ, ಒರೆಸಿ ತೆಗೆಯಿರಿ. ಮಟಮಟ ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಎರಚಿದರೆ ಗಾಜು ಬಿರುಕು ಬಿಟ್ಟೀತು.

ಮಾನ್ವಿಯ ಯುವಕ: ಸರ್, ನನ್ನ ಪ್ರಶ್ನೆ ಮೇಲೆ ಉಳಿದಿದೆ.

ರಾಯಚೂರಿನ ನಿವೃತ್ತರು: ಧೂಳಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರ 1,720 ಮೆಗಾವ್ಯಾಟ್, ಕುಡತಿನಿಯದು 1,700. ಬೂದಿ ನಮಗೆ, ಬೆಳಕು ಬೆಂಗಳೂರಿಗೆ. ಈಗ ಮಾಳಿಗೆಯ ಮೇಲೂ ನಾವೇ ದುಡ್ಡು ಹಾಕಿ ಕರೆಂಟ್ ತಯಾರಿಸಿ ಕೊಡಬೇಕಂತೆ.

ಕೊಪ್ಪಳದ ಕಿರಾಣಿ ಅಂಗಡಿ: ನಮ್ಮ ಗಿಣಿಗೇರಿಯ ಕಾರ್ಖಾನೆಗಳ ಕಡೆ ಬಂದು ಒಂದು ರಾತ್ರಿ ಹೊರಗೆ ಬಟ್ಟೆ ಒಣಹಾಕಿ ನೋಡಿ. ಬಿಳಿ ಪಂಚೆ ಕಂಬಳಿ ಆಗಿರುತ್ತದೆ. ನಿಮ್ಮದೊಂದೇ ಬೂದಿಯಲ್ಲ.

ರಾಯಚೂರಿನ ನಿವೃತ್ತರು: ನಾನು ಸ್ಪರ್ಧೆಗೆ ಬಂದಿಲ್ಲ.

ನಿರ್ವಾಹಕ, ಬಳ್ಳಾರಿ: ಹಿರಿಯರೇ, ವಿಷಯಕ್ಕೆ ಬನ್ನಿ.

ಗಂಗಾವತಿಯಿಂದ: ಸರ್, ನಾನು ಶಿಕ್ಷಕಿ. ನಮ್ಮ ಮನೆಯ ಮೇಲೆ ಆರು ಫಲಕ ಹಾಕಿಸಿ ಒಂದೂವರೆ ವರ್ಷವಾಯಿತು. ಇತ್ತೀಚೆಗೆ ಬೆಳಿಗ್ಗೆ ಇನ್ವರ್ಟರ್‌ನಲ್ಲಿ ಕೆಂಪು ದೀಪ ಬಂದು ಐಸೋಲೇಷನ್ ಫಾಲ್ಟ್ ಎಂದು ತೋರಿಸುತ್ತದೆ. ಹತ್ತು ಗಂಟೆಯ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ಮಳೆ ಬಂದ ಮರುದಿನ ಹೆಚ್ಚು. ಹಾಕಿದವರು ಫೋನ್ ಎತ್ತುತ್ತಿಲ್ಲ. ಇದು ದೊಡ್ಡ ತೊಂದರೆಯೇ? ಇನ್ನೊಂದು ಮಾತು, ಇದಕ್ಕೆ ಸಂಬಂಧ ಇದೆಯೋ ಇಲ್ಲವೋ: ಮೊನ್ನೆ ನಮ್ಮ ಅತ್ತೆಯವರು ಬಟ್ಟೆ ಒಣಹಾಕುವಾಗ ಕೈ ಜುಮ್ಮೆಂದಿತು ಎಂದರು. ವಯಸ್ಸಾದವರು, ವಾಯು ಇರಬೇಕು ಎಂದುಕೊಂಡೆವು.

ಗುತ್ತಿಗೆದಾರ: ಬಟ್ಟೆಯ ತಂತಿಯನ್ನು ಎಲ್ಲಿಗೆ ಕಟ್ಟಿದ್ದೀರಿ?

ಗಂಗಾವತಿಯಿಂದ: ಒಂದು ತುದಿ ನೀರಿನ ಟ್ಯಾಂಕಿನ ಕಂಬಕ್ಕೆ. ಇನ್ನೊಂದು ಫಲಕದ ಕಬ್ಬಿಣದ ಚೌಕಟ್ಟಿಗೆ.

ಗುತ್ತಿಗೆದಾರ: ಅಮ್ಮಾ, ಮೊದಲು ಇದನ್ನು ಮಾಡಿ, ಆಮೇಲೆ ಓದಿ. ಯಾರೂ ಮಾಳಿಗೆಗೆ ಹೋಗಬಾರದು. ಮಕ್ಕಳಿದ್ದರೆ ಬಾಗಿಲಿಗೆ ಚಿಲಕ ಹಾಕಿ. ಕೆಳಗೆ ಇನ್ವರ್ಟರ್ ಪಕ್ಕದ ಎ.ಸಿ. ಬ್ರೇಕರ್ ಇಳಿಸಿ, ಬಳಿಕ ಡಿ.ಸಿ. ಸ್ವಿಚ್ ತಿರುಗಿಸಿ. ಈ ಕ್ರಮದಲ್ಲೇ. ಫಲಕದ ತಂತಿಗಳ ಕನೆಕ್ಟರ್ ಎಳೆಯಲು ಯಾರಿಗೂ ಬಿಡಬೇಡಿ. ಹೊರೆ ಇರುವಾಗ ಎಳೆದರೆ ಬೆಂಕಿ ಹಾರುತ್ತದೆ.

ಈಗ ಏಕೆ ಎಂದು ಹೇಳುತ್ತೇನೆ. ನಿಮ್ಮ ಅತ್ತೆಗೆ ವಾಯು ಇಲ್ಲ. ಫಲಕದಿಂದ ಬರುವ ತಂತಿಯ ಹೊದಿಕೆ ಎಲ್ಲೋ ಹರಿದಿದೆ. ಹರಿದ ಜಾಗ ಚೌಕಟ್ಟಿಗೆ ತಾಗಿದೆ. ಇಬ್ಬನಿಯಲ್ಲಿ, ಮಳೆಯಲ್ಲಿ ನೆನೆದಾಗ ಸೋರಿಕೆ ಹೆಚ್ಚು. ಇನ್ವರ್ಟರ್ ಶುರುವಾಗುವ ಮೊದಲು ಅದನ್ನೇ ಅಳೆದು ನೋಡಿ "ನಾನು ಏಳುವುದಿಲ್ಲ" ಎನ್ನುತ್ತದೆ. ಬಿಸಿಲಿಗೆ ಒಣಗಿದ ಮೇಲೆ ಅಳತೆಗೆ ಸಿಗದಷ್ಟು ಕಡಿಮೆಯಾಗುತ್ತದೆ, ಅದು ಏಳುತ್ತದೆ. ನೀವು ಸರಿಹೋಯಿತು ಎಂದುಕೊಳ್ಳುತ್ತೀರಿ. ಸರಿಹೋಗಿಲ್ಲ, ಒಣಗಿದೆ ಅಷ್ಟೇ. ಆರು ಫಲಕ ಸರಣಿಯಲ್ಲಿದ್ದರೆ ಸುಮಾರು 300 ವೋಲ್ಟ್ ಡಿ.ಸಿ. ಮನೆಯ ಮೇನ್ ಸ್ವಿಚ್ ಇಳಿಸಿದರೂ, ಜೆಸ್ಕಾಂನವರೇ ಬಂದು ಫ್ಯೂಸ್ ಕಿತ್ತರೂ, ಸೂರ್ಯ ಇರುವವರೆಗೆ ಫಲಕದಲ್ಲಿ ಅದು ಇದ್ದೇ ಇರುತ್ತದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ನನ್ನ ಬಳಿ ಕೆಲಸ ಕಲಿಯಲು ಬರುವ ಹುಡುಗರಿಗೂ ಮೊದಲ ದಿನ ಇದನ್ನೇ ಹೇಳುತ್ತೇನೆ.

ಇಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಚೌಕಟ್ಟಿಗೆ ಅರ್ಥಿಂಗ್ ಸರಿಯಾಗಿದ್ದರೆ ಸೋರಿದ್ದು ನೆಲಕ್ಕೆ ಹೋಗಬೇಕು, ಕೈಗೆ ತಾಗಬಾರದು. ತಾಗಿದೆ ಎಂದರೆ ಅರ್ಥಿಂಗ್ ಕೂಡ ಇಲ್ಲ. ಎರಡೂ ಒಟ್ಟಿಗೆ ಕೆಟ್ಟಿವೆ, ಅದೇ ನನಗೆ ಭಯ. ಅಂದು ಅವರ ಕಾಲು ಒಣಗಿದ್ದಿರಬೇಕು. ಒದ್ದೆ ಬಟ್ಟೆ ಹಿಂಡಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದರೆ ಜುಮ್ಮೆನ್ನುವುದರಲ್ಲಿ ಮುಗಿಯುತ್ತಿರಲಿಲ್ಲ. ನಿಮ್ಮಲ್ಲಿ ಕೋತಿಗಳು ಬರುತ್ತವೆಯೇ?

ಗಂಗಾವತಿಯಿಂದ: ಆನೆಗೊಂದಿ ಕಡೆಯಿಂದ ಹಿಂಡು ಹಿಂಡಾಗಿ ಬರುತ್ತವೆ. ಫಲಕದ ಕೆಳಗೆ ನೆರಳಿಗೆ ಕೂರುತ್ತವೆ. ಸ್ವಿಚ್ ಎರಡೂ ಇಳಿಸಿದೆ ಸರ್. ಕೈ ನಡುಗುತ್ತಿದೆ.

ಗುತ್ತಿಗೆದಾರ: ಒಳ್ಳೆಯದು. ಕೋತಿ ತಂತಿಯನ್ನು ಜೋಕಾಲಿ ಮಾಡುತ್ತದೆ, ಇಲಿ, ಅಳಿಲು ಕಡಿಯುತ್ತವೆ. ತಂತಿ ಕೊಳವೆಯೊಳಗೆ ಇರಬೇಕಿತ್ತು. ಬಟ್ಟೆಯ ತಂತಿಯನ್ನು ಕತ್ತಲಾದ ಮೇಲೆ ಬಿಚ್ಚಿ, ಇನ್ನು ಮುಂದೆ ಚೌಕಟ್ಟಿಗೆ ಏನನ್ನೂ ಕಟ್ಟಬೇಡಿ. ನಾಳೆ ಲೈಸೆನ್ಸ್ ಇರುವವರನ್ನು ತಂತಿಯ ಹೊದಿಕೆಯ ಸೋರಿಕೆ ಅಳೆಯುವ ಮೆಗ್ಗರ್, ಅರ್ಥಿಂಗ್ ಅಳೆಯುವ ಅರ್ಥ್ ಟೆಸ್ಟರ್ ಎರಡೂ ತರಲು ಹೇಳಿ ಕರೆಸಿ. ಟೆಸ್ಟರ್ ಸ್ಕ್ರೂಡ್ರೈವರ್ ಒಂದನ್ನೇ ಜೇಬಿನಲ್ಲಿ ಇಟ್ಟುಕೊಂಡು ಬಂದವರನ್ನು ಚಹಾ ಕೊಟ್ಟು ಕಳುಹಿಸಿ.

ಸಿಂಧನೂರಿನಿಂದ: ಅಕ್ಕನವರೇ, ಅಷ್ಟೊಂದು ಹೆದರಬೇಡಿ. ಅರ್ಥಿಂಗ್ ಗುಂಡಿಗೆ ಎರಡು ಕಿಲೋ ಉಪ್ಪು ಹಾಕಿ ನೀರು ಸುರಿದರೆ ಸರಿಹೋಗುತ್ತದೆ. ಹರಿದ ಜಾಗಕ್ಕೆ ಕಪ್ಪು ಟೇಪ್ ಸುತ್ತಿ. ವಿಡಿಯೋ ಇದೆ, ಹಾಕಲೇ?

ಗುತ್ತಿಗೆದಾರ: ಹಾಕಬೇಡಿ. 300 ವೋಲ್ಟ್ ಇರುವ ತಂತಿಯನ್ನು ಹುಡುಕಿ ಟೇಪ್ ಸುತ್ತಲು ಒಬ್ಬ ಶಿಕ್ಷಕಿಗೆ ಹೇಳುತ್ತಿದ್ದೀರಿ. ಬಿಸಿಲಿಗೆ ಆ ಟೇಪಿನ ಅಂಟು ನಾಲ್ಕು ತಿಂಗಳು ನಿಲ್ಲುವುದಿಲ್ಲ. ತಂತಿಯೇ ಗುಂಡಿಗೆ ಸೇರಿರದಿದ್ದರೆ ಉಪ್ಪು ಸುರಿದು ಏನು ಉಪ್ಪಿನಕಾಯಿ ಹಾಕುತ್ತೀರಾ? ಎಣ್ಣೆಯ ಫಾರ್ವರ್ಡ್‌ಗೆ ನಗಬಹುದು. ಇದರಿಂದ ಜೀವ ಹೋಗುತ್ತದೆ.

ಸಿಂಧನೂರಿನಿಂದ: ಸಹಾಯ ಮಾಡಲು ಹೋದರೆ ಹೀಗೆ ಮಾತನಾಡುವುದೇ? ನಮಗೂ ಇಪ್ಪತ್ತು ವರ್ಷದ ಅನುಭವ ಇದೆ.

ಸಂಡೂರಿನಿಂದ: ಯಾವುದರಲ್ಲಿ?

ಸಿಂಧನೂರಿನಿಂದ: ನಿಮ್ಮನ್ನು ಕೇಳಲಿಲ್ಲ. ನೀವು ಫ್ಯಾನ್ ಕೊಳ್ಳಲು ಹೋಗಿ.

ಲಿಂಗಸುಗೂರಿನಿಂದ: ಕರೆಂಟ್ ಹೋದಾಗ ಹಗಲಿನಲ್ಲಾದರೂ ಉರಿಯಬೇಕಲ್ಲ ಸರ್, ಬಿಸಿಲು ಇರುತ್ತದೆ.

ಗುತ್ತಿಗೆದಾರ: ಇಲ್ಲ. ಮೇಲೆ ಬರೆದಿದ್ದೇನೆ.

ಹಗರಿಬೊಮ್ಮನಹಳ್ಳಿಯಿಂದ: ಮೀಟರ್ ನಮ್ಮ ತೀರಿಹೋದ ತಂದೆಯವರ ಹೆಸರಿನಲ್ಲಿದೆ. ಸೋಲಾರ್ ಮಾರುವವರು ಪರವಾಗಿಲ್ಲ, ಸಬ್ಸಿಡಿಗೆ ಮೊದಲು 5,000 ನೋಂದಣಿ ಶುಲ್ಕ ಕೊಡಿ ಎನ್ನುತ್ತಿದ್ದಾರೆ.

ಗುತ್ತಿಗೆದಾರ: ಕೊಡಬೇಡಿ. ಅರ್ಜಿ ಸರ್ಕಾರದ ಪೋರ್ಟಲ್‌ನಲ್ಲಿ ನಿಮ್ಮದೇ ಹೆಸರಿನಲ್ಲಿ, ನಿಮ್ಮದೇ ಮೊಬೈಲ್‌ನಿಂದ ಹೋಗಬೇಕು. ಮೊದಲು ಆರ್‌ಆರ್ ನಂಬರ್, ಅಂದರೆ ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ, ನಿಮ್ಮ ಹೆಸರಿಗೆ ಮಾಡಿಸಿ. ಬಿಲ್ಲಿನ ಹೆಸರೂ ಬ್ಯಾಂಕಿನ ಹೆಸರೂ ಒಂದೇ ಇರಲಿ. ಕೆಲಸ ಮುಗಿದು, ಬಂದ ಕರೆಂಟನ್ನೂ ಹೋದ ಕರೆಂಟನ್ನೂ ಅಳೆಯುವ ನೆಟ್ ಮೀಟರ್ ಕೂತು, ಪರಿಶೀಲನೆ ಆದ ಮೇಲೆ ದುಡ್ಡು ನೇರವಾಗಿ ನಿಮ್ಮ ಖಾತೆಗೆ ಬರುತ್ತದೆ, ಮಾರುವವನ ಕೈ ಸೇರುವುದಿಲ್ಲ. ಫಲಕವೂ ಅದರೊಳಗಿನ ಸೆಲ್ಲೂ ಭಾರತದಲ್ಲೇ ತಯಾರಾದದ್ದು ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅಗ್ಗಕ್ಕೆ ಸಿಕ್ಕಿತು ಎಂದು ಬೇರೆಯದನ್ನು ಹಾಕಿಸಿದರೆ ಸಬ್ಸಿಡಿ ಇಲ್ಲ.

ದೇವದುರ್ಗದಿಂದ: ಹೊಲದ ಪಂಪ್‌ಸೆಟ್‌ಗೆ?

ಗುತ್ತಿಗೆದಾರ: ಅದು ಪಿಎಂ ಕುಸುಮ್. ಬೇರೆ ಯೋಜನೆ.

ರಾಯಚೂರಿನ ನಿವೃತ್ತರು: 300 ಯೂನಿಟ್ ಉಚಿತ ಎಂದು ಕೇಂದ್ರದವರು ಹೇಳಿದ್ದರಲ್ಲ, ಅದು ಎಲ್ಲಿ ಹೋಯಿತು?

ಗುತ್ತಿಗೆದಾರ: ಯಾರೂ ತಂದು ಕೊಡುವುದಿಲ್ಲ. ನೀವು ದುಡ್ಡು ಹಾಕಿದ ಫಲಕ ಅಷ್ಟನ್ನು ತಯಾರಿಸುತ್ತದೆ ಎಂದು ಅರ್ಥ. ಮಿಕ್ಕಿದ್ದನ್ನು ಮಾರಿ ಶ್ರೀಮಂತರಾಗುವ ಆಸೆಯೂ ಬೇಡ. ಅವರು ನಮ್ಮಿಂದ ಕೊಳ್ಳುವ ದರ ನಾವು ಅವರಿಂದ ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಸುಡುವಷ್ಟೇ ಹಾಕಿಸಿ.

ಕೊಪ್ಪಳದ ಕಿರಾಣಿ ಅಂಗಡಿ: ನೋಡಿದಿರಾ ಸಾಹೇಬರೇ, ನಮ್ಮದು ಬಿಟ್ಟಿ, ನಿಮ್ಮದು ಬರೀ ಮಾತು.

ರಾಯಚೂರಿನ ನಿವೃತ್ತರು: ನಿಮ್ಮ ಅಂಗಡಿಯ ತಕ್ಕಡಿಯ ಹಾಗೆಯೇ ನಿಮ್ಮ ಮಾತು.

ನಿರ್ವಾಹಕ, ಬಳ್ಳಾರಿ: ಇಬ್ಬರ ಸಂದೇಶಕ್ಕೂ ನಾಳೆಯವರೆಗೆ ತಡೆ ಹಾಕಿದ್ದೇನೆ.

ಮಾನ್ವಿಯ ಯುವಕ: ಮೂರನೇ ಬಾರಿ ಕೇಳುತ್ತಿದ್ದೇನೆ ಸರ್.

ಲಿಂಗಸುಗೂರಿನಿಂದ: ಮಳೆಗಾಲದಲ್ಲಿ ಕರೆಂಟ್ ಹೋದರೆ?

(ಮರುದಿನ)

ಗಂಗಾವತಿಯಿಂದ: ಸರ್, ಬೆಳಿಗ್ಗೆ ಒಬ್ಬರು ಬಂದಿದ್ದರು. ನಾಲ್ಕನೆಯ ಫಲಕದ ಕೆಳಗೆ ತಂತಿ ಕಡಿದು ತಾಮ್ರ ಕಾಣುತ್ತಿತ್ತು. ಅರ್ಥಿಂಗ್ ಪಟ್ಟಿ ಗೋಡೆಯಲ್ಲಿ ಇಳಿದು ಅಂಗಳದ ಹತ್ತಿರ ಗಾಳಿಯಲ್ಲಿ ನಿಂತಿದೆ. ಕಳೆದ ವರ್ಷ ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿದಾಗ ಗಾರೆಯವರು ಅಡ್ಡ ಬಂತೆಂದು ಕತ್ತರಿಸಿ, ಗುಂಡಿಯನ್ನೂ ಮುಚ್ಚಿದ್ದಾರೆ. ನಾವೇ ಎದುರಿಗೆ ನಿಂತು ಮಾಡಿಸಿದ ಕೆಲಸ. ತಂತಿ ಬದಲಾಯಿಸಿ, ಹೊಸ ಗುಂಡಿ ತೆಗೆದು ಪಟ್ಟಿ ಜೋಡಿಸಿದರು. ಈಗ ಸ್ವಿಚ್ ಹಾಕಬಹುದೇ?

ಗುತ್ತಿಗೆದಾರ: ಅರ್ಥಿಂಗ್ ಎಷ್ಟು ಓಮ್ ಬಂತು?

ಗಂಗಾವತಿಯಿಂದ: ಅಳೆಯಲಿಲ್ಲ. ಸರಿಯಾಗಿದೆ ಎಂದರು.

ಗುತ್ತಿಗೆದಾರ: ಅಳೆಸಿ. ಐದು ಓಮ್‌ಗಿಂತ ಕಡಿಮೆ ಬರಬೇಕು. ಮೀಟರ್‌ನ ಮುಖದ ಫೋಟೋ ನನಗೆ ಕಳುಹಿಸಿ. ಅಲ್ಲಿಯವರೆಗೆ ಸ್ವಿಚ್ ಮುಟ್ಟಬೇಡಿ. ಅತ್ತೆಯವರ ಬಟ್ಟೆ ಅಂಗಳದಲ್ಲೇ ಒಣಗಲಿ.