ಅಪ್‌ಡೇಟ್: ಹೊನ್ನೇಮರಡುವಿನ ನಸುಕಿನ ಚಿತ್ರಗಳು

ಟ್ರೈಪಾಡ್ ಇಲ್ಲದೆ, ಪುಟ್ಟ ಕಾಂಪ್ಯಾಕ್ಟ್ ಕ್ಯಾಮೆರಾದಲ್ಲಿ ನಸುಕಿನ ನೀರನ್ನು ಅಲುಗಾಟವಿಲ್ಲದೆ ಸೆರೆಹಿಡಿಯುವುದು ಹೇಗೆಂದು ಕೇಳಿದ್ದೆ. ಈಗ ಸಾಗರ ತಾಲ್ಲೂಕಿನ ಹೊನ್ನೇಮರಡುವಿನಲ್ಲಿ, ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿ ಎರಡು ರಾತ್ರಿ ಟೆಂಟ್ ಹಾಕಿ ಮರಳಿದ್ದೇನೆ. ನಿಮ್ಮಲ್ಲೊಬ್ಬರು ಸೂಚಿಸಿದಂತೆ ಅಕ್ಕಿ ತುಂಬಿದ ಬಟ್ಟೆಚೀಲವನ್ನು ಬಂಡೆಯ ಮೇಲಿಟ್ಟು, ಅದರಲ್ಲಿ ಕ್ಯಾಮೆರಾವನ್ನು ಒತ್ತಿ ಕೂರಿಸಿ, ಐಎಸ್‌ಒವನ್ನು (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆಯನ್ನು) 100ಕ್ಕೆ ಇಳಿಸಿ, 2 ಸೆಕೆಂಡಿನ ಟೈಮರ್ ಹಾಕಿದ್ದರಿಂದ, ಗುಂಡಿ ಒತ್ತಿದ ಬೆರಳಿನ ಕಂಪನ ಅಡಗಿದ ಮೇಲೆಯೇ ಶಟರ್ ತೆರೆಯಿತು. ಶಟರ್ ಅರ್ಧ ಸೆಕೆಂಡು ತೆರೆದಿದ್ದ ಚಿತ್ರದಲ್ಲೂ ನೀರಿನಿಂದ ಮೇಲೆದ್ದ ಒಣಮರದ ಬೊಡ್ಡೆಗಳು ಗೆರೆ ಕೊರೆದಂತೆ ಮೂಡಿವೆ. ಮಂಜು ಬೂದುಬಣ್ಣಕ್ಕೆ ತಿರುಗುವ ತೊಂದರೆಯು ಎಕ್ಸ್‌ಪೋಷರನ್ನು (ಚಿತ್ರಕ್ಕೆ ಸಿಗುವ ಬೆಳಕಿನ ಮಟ್ಟವನ್ನು) +1ಕ್ಕೆ ಏರಿಸಿದಾಗ ನೀಗಿತು, ಏಕೆಂದರೆ ಕ್ಯಾಮೆರಾದ ಬೆಳಕಳೆಯುವ ಮೀಟರ್ ಬಿಳುಪನ್ನೂ ನಡುಮಟ್ಟದ ಬೂದುಬಣ್ಣವೆಂದೇ ಎಣಿಸುತ್ತದೆ. ಜೂಮ್ ಮಾತ್ರ ನಿರಾಶೆಗೊಳಿಸಿತು: ಬೆಳ್ಳಕ್ಕಿ ಚುಕ್ಕೆಯಾಗಿಯೇ ಉಳಿಯಿತು. ಚೀಲದ ಅಕ್ಕಿ ಮರುದಿನ ಗಂಜಿಯಾಯಿತು.