ಜಾಝ್‌ನ ‘ಸ್ಟ್ಯಾಂಡರ್ಡ್’: ‘ರೂಢಿಗೀತೆ’ ಎನ್ನಬಹುದೇ?

ಜಾಝ್ ಸ್ಯಾಕ್ಸೊಫೋನ್ ಧ್ವನಿಮುದ್ರಿಕೆಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿರುವಾಗ ‘ಸ್ಟ್ಯಾಂಡರ್ಡ್’ ಎಂಬ ಮಾತಿಗೆ ಒಪ್ಪುವ ಕನ್ನಡ ಪದ ದೊರೆಯದೆ ನಿಂತಿದ್ದೇನೆ. ರಂಗಭೂಮಿಗೋ ಸಿನಿಮಾಕ್ಕೋ ರಚಿತವಾಗಿ, ಜನರ ಬಾಯಲ್ಲಿ ನೆಲೆಸಿ, ಬಳಿಕ ವಾದಕರು ಮತ್ತೆ ಮತ್ತೆ ಎತ್ತಿಕೊಂಡು ನುಡಿಸಿದ್ದರಿಂದ ಎಲ್ಲರ ಸೊತ್ತಾದಂತಿರುವ ಹಾಡನ್ನು ಜಾಝ್ ವಾದಕರು ಹೀಗೆ ಕರೆಯುತ್ತಾರೆ. ‘ಮಾನಕ’, ‘ಪ್ರಮಾಣಿತ’ ಎಂಬ ಪದಗಳಲ್ಲಿ ಅಳತೆಗೋಲಿನ ಅರ್ಥವೇ ಮುಂದಾಗಿದ್ದು, ‘ಮಾನಕ ಗೀತೆ’ ಎಂದೊಡನೆ ಹೀಗೆಯೇ ಹಾಡತಕ್ಕದ್ದು ಎಂಬ ಸರ್ಕಾರಿ ಸುತ್ತೋಲೆ ನೆನಪಾಗುತ್ತದೆ. ಇಂಗ್ಲಿಷ್ ಪದವನ್ನೇ ಉಳಿಸಿಕೊಂಡರೆ ‘ಏಳನೇ ಸ್ಟ್ಯಾಂಡರ್ಡ್’ ಅಡ್ಡ ಬರುತ್ತದೆ.

ಜಾನಿ ಗ್ರೀನ್ 1930ರಲ್ಲಿ ಮಟ್ಟು ಹಾಕಿದ ‘ಬಾಡಿ ಅಂಡ್ ಸೋಲ್’ ಹಾಡನ್ನು ಸ್ಯಾಕ್ಸೊಫೋನ್ ವಾದಕ ಕೋಲ್ಮನ್ ಹಾಕಿನ್ಸ್ 1939ರ ಅಕ್ಟೋಬರ್ 11ರಂದು ನ್ಯೂಯಾರ್ಕಿನಲ್ಲಿ ಧ್ವನಿಮುದ್ರಿಸಿದರು. ಸುಮಾರು ಮೂರು ನಿಮಿಷದ ಆ ಗ್ರಾಮಫೋನ್ ತಟ್ಟೆಯಲ್ಲಿ ಪಿಯಾನೊದ ಪುಟ್ಟ ಪೀಠಿಕೆ ಮುಗಿದ ಮೇಲೆ ಟೆನರ್ ಸ್ಯಾಕ್ಸೊಫೋನ್ ಮೂಲ ಮಟ್ಟನ್ನು ಕ್ಷಣಕಾಲ ಸೂಚಿಸಿ ಬಿಟ್ಟುಬಿಡುತ್ತದೆ. ಮಿಕ್ಕದ್ದೆಲ್ಲ ಹಾಡಿನ ಕಾರ್ಡ್‌ಗಳ, ಎಂದರೆ ಸ್ವರಗುಚ್ಛಗಳ, ಸರಣಿಯನ್ನಷ್ಟೇ ಹಿಡಿದು ಹೆಣೆದ ಮನೋಧರ್ಮ, ಎಂದರೆ ನುಡಿಸುತ್ತಲೇ ಕಟ್ಟುವ ಸಂಗೀತ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನಿಗೆ ಒಗ್ಗಿದ ನಮ್ಮ ಕಿವಿಗೆ ಕರ್ನಾಟಕ ಸಂಗೀತದ ‘ಕೃತಿ’ ಎಂಬ ಪದ ಸಹಜವಾಗಿ ತೋರಬಹುದು. ಆದರೆ ಕೃತಿಯ ಸಾಹಿತ್ಯವನ್ನೂ ಸಂಗತಿಗಳನ್ನೂ (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ರೂಪಗಳನ್ನು) ಹೀಗೆ ಕೈಬಿಟ್ಟು ಸಾಗುವಂತಿಲ್ಲವಾದ್ದರಿಂದ ಆ ಪದವನ್ನು ಬಳಸಲು ನನಗೆ ಮನಸ್ಸಿಲ್ಲ.

ಸದ್ಯಕ್ಕೆ ‘ರೂಢಿಗೀತೆ’ ಎಂದು ಬರೆದುಕೊಂಡಿದ್ದೇನೆ. ವ್ಯಾಕರಣದ ‘ರೂಢನಾಮ’ದಲ್ಲಿರುವಂತೆ ಇಲ್ಲಿಯೂ ಬಳಕೆಯೇ ಆಧಾರವೆಂಬುದು ನನ್ನ ಸಮರ್ಥನೆ. ಇದಕ್ಕೆ ಒಂದು ತೊಡಕೂ ಇದೆ. ಜಾನ್ ಕೋಲ್ಟ್ರೇನ್ 1960ರಲ್ಲಿ ಸೊಪ್ರಾನೊ ಸ್ಯಾಕ್ಸೊಫೋನಿನಲ್ಲಿ ಹದಿಮೂರು ನಿಮಿಷಕ್ಕೂ ಮಿಗಿಲಾಗಿ ನುಡಿಸಿದ ‘ಮೈ ಫೇವರಿಟ್ ಥಿಂಗ್ಸ್’ ಹಿಂದಿನ ವರ್ಷವಷ್ಟೇ ‘ದ ಸೌಂಡ್ ಆಫ್ ಮ್ಯೂಸಿಕ್’ ಸಂಗೀತನಾಟಕದೊಂದಿಗೆ ರಂಗಕ್ಕೆ ಬಂದ ಹಾಡು. ಒಂದು ವರ್ಷದ ಹಾಡಿಗೆ ರೂಢಿ ಎಲ್ಲಿಂದ ಬಂತು ಎಂದು ಕೇಳಿದರೆ, ಜಾಝ್ ವಾದಕರಲ್ಲಿ ಅದು ರೂಢಿಗೆ ಬರಲು ಕೋಲ್ಟ್ರೇನರ ವಾದನವೂ ಕಾರಣವೆಂದು ಉತ್ತರಿಸಬೇಕಾಗುತ್ತದೆ. ಅಲ್ಲದೆ ‘ರೂಢಿಗೀತೆ’ಯನ್ನು ಸೋಬಾನೆ ಪದದಂಥ ಸಂಪ್ರದಾಯದ ಹಾಡೆಂದು ಓದುಗರು ತಿಳಿಯುವ ಅಪಾಯವೂ ಇದೆ.

ಜೊತೆಗೊಂದು ಉಪಪ್ರಶ್ನೆ. ಜಾಝ್‌ನಲ್ಲಿ ‘ಕೋರಸ್’ ಎಂದರೆ ಹಾಡಿನ ಚೌಕಟ್ಟನ್ನು, ‘ಬಾಡಿ ಅಂಡ್ ಸೋಲ್’ನಲ್ಲಾದರೆ 32 ಬಾರ್‌ಗಳನ್ನು (ತಾಳದ ಸಮ ಅಳತೆಯ ತುಂಡುಗಳನ್ನು), ಒಮ್ಮೆ ಪೂರ್ತಿ ಸುತ್ತಿ ಬರುವುದು. ಕನ್ನಡದಲ್ಲಿ ಅದು ಗುಂಪುಗಾಯನ. ಹಾಕಿನ್ಸ್ ‘ಎರಡು ಕೋರಸ್ ನುಡಿಸಿದರು’ ಎಂದು ಬರೆದರೆ ಅನರ್ಥವಾಗುತ್ತದೆ. ‘ಆವರ್ತ’ ಎಂದರೆ ತಾಳದ ಲೆಕ್ಕವೆಂದು ಭಾವಿಸುವವರೇ ಹೆಚ್ಚು. ಆದ್ದರಿಂದ ‘ಎರಡು ಸುತ್ತು’ ಎಂದು ಬರೆದಿದ್ದೇನೆ.

‘ರೂಢಿಗೀತೆ’ಗಿಂತ ಹೊಂದುವ ಪದ, ಅದರಲ್ಲೂ ಸಂಗೀತಗಾರರ ಮಾತಿನಲ್ಲಿ ಈಗಾಗಲೇ ಇರುವ ಪದ, ಬಲ್ಲವರಿದ್ದರೆ ಬಳಕೆಯ ಒಂದು ವಾಕ್ಯದೊಡನೆ ತಿಳಿಸಬೇಕಾಗಿ ಕೋರುತ್ತೇನೆ.