ಸಹಾಯ ಬೇಕು: ಗೇಮ್ ಕನ್ಸೋಲ್ 20 ನಿಮಿಷಕ್ಕೆ ಆಫ್ ಆಗುತ್ತಿದೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಳೇ ಗೇಮ್ ಕನ್ಸೋಲ್ ಆಟ ಶುರು ಮಾಡಿ 20 ನಿಮಿಷಕ್ಕೆ ಫ್ಯಾನ್ ಜೋರಾಗಿ ಕೂಗಿ ತಾನಾಗಿಯೇ ಆಫ್ ಆಗುತ್ತದೆ. ತಣ್ಣಗಾದ ಮೇಲೆ ಮತ್ತೆ ಆನ್ ಆಗುತ್ತದೆ. ಧೂಳು ತೆಗೆದು, ಟಿವಿ ಸ್ಟ್ಯಾಂಡ್‌ನಿಂದ ಹೊರಗೆ ಗಾಳಿಯಾಡುವ ಕಡೆ ಇಟ್ಟು ನೋಡಿದೆ, ಪ್ರಯೋಜನವಾಗಲಿಲ್ಲ. ಒಳಗಿನ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನು ಹೊರಗೆ ಸಾಗಿಸಲು ಹಚ್ಚುವ ಲೇಪ) ಒಣಗಿದೆ ಅಂತ ನನ್ನ ಅನುಮಾನ. ಆದರೆ ರಿಪೇರಿ ಅಂಗಡಿಯವರು ಬೋರ್ಡನ್ನೇ ಹೀಟ್ ಗನ್‌ನಲ್ಲಿ ಬಿಸಿ ಮಾಡಬೇಕು ಅನ್ನುತ್ತಾರೆ. ಎಕ್ಸ್‌ಬಾಕ್ಸ್ 360 ಕನ್ಸೋಲ್‌ಗೆ, ಕೆಟ್ಟು ಕೆಂಪು ದೀಪ ಉರಿಯುವ ಕಾಟ ಬಂದಾಗ (2007ರಲ್ಲಿ ಮೈಕ್ರೋಸಾಫ್ಟ್ ಅದಕ್ಕೆಂದೇ ವಾರಂಟಿಯನ್ನು 3 ವರ್ಷಕ್ಕೆ ಏರಿಸಿತ್ತು) ಹೀಗೆ ಬಿಸಿ ಮಾಡಿದವು ಸ್ವಲ್ಪ ದಿನ ಓಡಿ ಮತ್ತೆ ಕೆಡುತ್ತಿದ್ದವು ಅಲ್ವಾ? ಅದೇ ಭಯ. ಬೆಂಗಳೂರಿನಲ್ಲಿ, ಎಸ್.ಪಿ. ರೋಡ್ ಕಡೆಯಾದರೂ ಸರಿ, ಮೊದಲು ಪೇಸ್ಟ್ ಬದಲಿಸಿ ನೋಡುವ ನಂಬಿಕಸ್ಥರು ಗೊತ್ತಿದ್ದರೆ ದಯವಿಟ್ಟು ಹೇಳಿ. ತಮ್ಮನ ಸೇವ್ ಫೈಲ್‌ಗಳೆಲ್ಲ ಅದರಲ್ಲೇ ಇವೆ.